ಒಂದೇ ಮನೆಯಿಂದ ಹೊರಟ ಎರಡು ದಾರಿಗಳು

ಹಿರೇಕೆರೂರು ತಾಲ್ಲೂಕಿನ ಅಬಲೂರಿನಲ್ಲಿ ಹೆಸರಾಂತ ಶಾಸನವೊಂದಿದೆ. ಆಳಂದೆಯಲ್ಲಿ ಹುಟ್ಟಿದ ಏಕಾಂತದ ರಾಮಯ್ಯ ಪುಲಿಗೆರೆಯ ಮಾರ್ಗವಾಗಿ ಅಬಲೂರಿಗೆ ಬಂದು ನೆಲೆನಿಂತದ್ದನ್ನೂ ಅಲ್ಲಿನ ಜೈನರೊಡನೆ ವಾದಕ್ಕಿಳಿದದ್ದನ್ನೂ ಅದು ನಿರೂಪಿಸುತ್ತದೆ. ಅದೇ ಸೀಮೆಯ ಚಿಕ್ಕೇರೂರಿನಲ್ಲಿ ಕುಳಿತು ಚರಿತ್ರೆಯನ್ನು ಓದುವ ನನ್ನಂಥವನಿಗೆ ಈ ಕಲ್ಲು ಹೇಳುವುದು ಇಷ್ಟೇ: ನಮ್ಮ ನಾಡಿಗೆ ಧರ್ಮವೆಂಬುದು ಎಷ್ಟೋ ಸಲ ಪರಸ್ಥಳದವರ ಜೊತೆಯಲ್ಲಿ, ದಾರಿ ನಡೆದೇ ಬಂದಿದೆ.

ಅಮೆರಿಕದ ಧಾರ್ಮಿಕ ಜೀವನವನ್ನು ಕುರಿತ ಕೆಲವು ಗ್ರಂಥಗಳನ್ನು ಈಚೆಗೆ ಓದುವಾಗ ಈ ಶಾಸನ ಮತ್ತೆ ಮತ್ತೆ ನೆನಪಾಯಿತು. ಅಲ್ಲಿನ ವಿದ್ವಾಂಸರು ತಮ್ಮ ಸಭೆಗಳ ಚರಿತ್ರೆಯನ್ನು ವಲಸಿಗರ ಚರಿತ್ರೆಯಿಂದ ಬೇರ್ಪಡಿಸಿ ಬರೆಯಲಾರರು. ಆಸ್ಕರ್ ಹ್ಯಾಂಡ್ಲಿನ್ ಅವರು 1951ರಲ್ಲಿ ಪ್ರಕಟಿಸಿದ ‘ದಿ ಅಪ್‌ರೂಟೆಡ್’ ಗ್ರಂಥದಲ್ಲಿ, ಹಳ್ಳಿಯಿಂದ ಬೇರುಸಹಿತ ಕಿತ್ತುಬಂದ ಯೂರೋಪಿನ ರೈತನಿಗೆ ಹೊಸ ನಾಡಿನಲ್ಲಿ ಹಳೆಯ ದೇವಾಲಯವೊಂದೇ ಪರಿಚಿತ ತಾಣವಾಗಿ ಉಳಿದ ಬಗೆಯನ್ನು ಚಿತ್ರಿಸಿದ್ದಾರೆ. ರಿಚರ್ಡ್ ನೀಬೂರ್ ಅವರು 1929ರಷ್ಟು ಹಿಂದೆಯೇ ಇನ್ನೂ ಕಠಿಣವಾದ ಮಾತನ್ನಾಡಿದ್ದರು. ಸಭೆಗಳು ಒಡೆದು ಬೇರೆಯಾಗುವುದಕ್ಕೆ ಸಿದ್ಧಾಂತಭೇದಕ್ಕಿಂತ ಹೆಚ್ಚಾಗಿ ವರ್ಗ, ವರ್ಣ, ಭಾಷೆ, ವಲಸೆ ಇವೇ ಕಾರಣವೆಂದು ಅವರು ತೋರಿಸಿಕೊಟ್ಟರು. ಜಾತಿಯ ನೆರಳು ಪೀಠದ ಮೆಟ್ಟಿಲಿನವರೆಗೂ ಬಂದು ನಿಲ್ಲುವುದನ್ನು ಕಂಡಿರುವ ನಮಗೆ ಈ ಮಾತು ಹೊಸದೇನೂ ಅಲ್ಲ. ಅದನ್ನು ಅಚ್ಚಿನಲ್ಲಿ ಹೇಳುವ ಧೈರ್ಯವಷ್ಟೇ ಹೊಸದು.

ಈ ನೀಬೂರ್ ಅವರ ಮನೆತನವನ್ನು ಹಿಂಬಾಲಿಸಿ ಹೋದರೆ ನಾವು ಬಂದು ಮುಟ್ಟುವುದು ಬಾಸೆಲ್ ನಗರಕ್ಕೆ. ಓದುಗರಿಗೆ ಆಶ್ಚರ್ಯವಾದೀತು. ಅವರ ತಂದೆ ಜರ್ಮನಿಯಿಂದ ವಲಸೆಹೋಗಿ, ಅಮೆರಿಕದಲ್ಲಿದ್ದ ಜರ್ಮನ್ ಭಾಷಿಕರ ಇವ್ಯಾಂಜೆಲಿಕಲ್ ಸಿನೋಡಿನಲ್ಲಿ ಸಭಾಪಾಲಕರಾಗಿದ್ದರು. ಆ ಸಿನೋಡಿನ ಮೂಲವು 1840ರಲ್ಲಿ ಮಿಸ್ಸೂರಿ ಪ್ರಾಂತದ ಗ್ರಾವೋಯ್ ಎಂಬ ನೆಲೆಯಲ್ಲಿ ಆರು ಮಂದಿ ಪಾಲಕರು ಕಟ್ಟಿಕೊಂಡ ಸಣ್ಣ ಕೂಟ. ಅವರಲ್ಲೊಬ್ಬನಾದ ಗೇಯಾರ್ಗ್ ವಾಲ್ ಬಾಸೆಲ್ ಮಿಷನ್ನಿನ ವಿದ್ಯಾಲಯದಲ್ಲಿ ಕಲಿತು, ಯೋಸೆಫ್ ರೀಗರ್ ಎಂಬ ಸಂಗಡಿಗನೊಡನೆ 1836ರಲ್ಲಿ ಅಮೆರಿಕೆಗೆ ಹೋದವನು. ಅದೇ 1836ರಲ್ಲಿ ಅದೇ ವಿದ್ಯಾಲಯದ ಹರ್ಮನ್ ಮೋಗ್ಲಿಂಗ್ ಮಂಗಳೂರಿಗೆ ಬಂದಿಳಿದರು. 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿ ಕನ್ನಡ ಪತ್ರಿಕೋದ್ಯಮಕ್ಕೆ ತಳಪಾಯ ಹಾಕಿದ ಮೋಗ್ಲಿಂಗ್ ಇವರೇ. ಇನ್ನೂ ಸ್ವಲ್ಪ ಹಿಂದೆ ಹೋದರೆ, 1833ರಲ್ಲಿ ಬಾಸೆಲಿನ ಫ್ರೀಡ್ರಿಖ್ ಶ್ಮಿಡ್ ಮಿಚಿಗನ್ನಿನ ಆ್ಯನ್ ಆರ್ಬರಿಗೆ. 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ನಮ್ಮ ಕರಾವಳಿಗೆ. ಒಂದೇ ಊಟದ ಮೇಜಿನಿಂದ ಎದ್ದವರಲ್ಲಿ ಕೆಲವರು ಪಶ್ಚಿಮಕ್ಕೂ ಕೆಲವರು ಪೂರ್ವಕ್ಕೂ ನಡೆದರು.

ಪಶ್ಚಿಮಕ್ಕೆ ಹೋದವರಿಗೆ ಸಭೆ ಸಿದ್ಧವಾಗಿಯೇ ಇತ್ತು. ಕಾಡು ಕಡಿದು ಹೊಲ ಮಾಡುತ್ತಿದ್ದ ತಮ್ಮದೇ ಭಾಷೆಯ ರೈತರು ಪಾಲಕನಿಗಾಗಿ ಕಾದಿದ್ದರು. ಪೂರ್ವಕ್ಕೆ ಬಂದವರಿಗೆ ಅಕ್ಷರದಿಂದ ಮೊದಲುಗೊಂಡು ಎಲ್ಲವನ್ನೂ ಕಲಿಯಬೇಕಾಯಿತು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ ಹೀಗೆ ಅವರ ಠಾಣೆಗಳು ಘಟ್ಟದ ಮೇಲೆ ಹಬ್ಬಿದವು. ಗದಗಿನ ಹತ್ತಿರದ ಮಲಸಮುದ್ರದ ಕಥೆ ಮಾತ್ರ ಅಮೆರಿಕದ ವಸಾಹತುಗಳ ಕಥೆಗೆ ಬಹಳ ಸಮೀಪದ್ದು. ಕಾಲಜ್ಞಾನದ ವಚನಗಳನ್ನು ನಂಬಿದ್ದ ಕೆಲವು ಜನ ಮಿಷನರಿಗಳ ಬಳಿ ಬಂದು, ತಮ್ಮ ಗ್ರಂಥಗಳಲ್ಲಿ ಹೇಳಿದ ಹೊಸ ಗುರುಗಳು ನೀವೇ ಇರಬಹುದೆಂದರು. ಇವರೆಲ್ಲ ಸಭೆಗೆ ಸೇರಿದರೆ ಬದುಕಿಗೇನು ಗತಿ ಎಂಬ ಚಿಂತೆಯಿಂದ 1841ರಲ್ಲಿ ಅಲ್ಲೊಂದು ಬೇಸಾಯದ ನೆಲೆ ಹುಟ್ಟಿತು. ಆದರೆ ಎದುರುನೋಡಿದಷ್ಟು ಜನ ಬರಲಿಲ್ಲ.

ಬಾರದವರನ್ನು ನಾವು ದೂಷಿಸಬೇಕಾಗಿಲ್ಲ. ಮಿಸ್ಸೂರಿಗೆ ಹೋದ ಜರ್ಮನ್ ರೈತನು ಊರನ್ನು ಬಿಟ್ಟನು, ದೇವರನ್ನೂ ನೆಂಟರನ್ನೂ ಜೊತೆಗೇ ಒಯ್ದನು. ಧಾರವಾಡ ಸೀಮೆಯಲ್ಲಿ ದೀಕ್ಷಾಸ್ನಾನ ಪಡೆದವನು ಊರಲ್ಲೇ ಇದ್ದು ನೆಂಟರನ್ನು ಕಳೆದುಕೊಂಡನು; ಬಾವಿಯ ನೀರು, ಹೆಣ್ಣುಗಂಡು ತರುವ ಮನೆ, ಆಯದ ಕಾಳು, ಸತ್ತರೆ ಹೂಳುವ ಜಾಗ, ಎಲ್ಲವೂ ಒಮ್ಮೆಲೇ ಪ್ರಶ್ನೆಯಾದವು. ಹಡಗನ್ನೇರದೆ ಪರದೇಶಿಯಾದವನು ಇವನು. ಈ ಬಗೆಯ ವಲಸೆಯನ್ನು ಕುರಿತು ನಮ್ಮಲ್ಲಿ ಹ್ಯಾಂಡ್ಲಿನ್ನನಂಥವರು ಬರೆಯಬೇಕಾಗಿತ್ತು.

ಎರಡು ಕವಲುಗಳಿಗೂ ಒಂದೇ ಸಿಡಿಲು ಹೊಡೆದದ್ದು ಮೊದಲನೆಯ ಮಹಾಯುದ್ಧದ ಕಾಲದಲ್ಲಿ. ಇಲ್ಲಿ ಜರ್ಮನ್ ಮಿಷನರಿಗಳು ಬಂಧಿತರಾಗಿ ಸ್ವದೇಶಕ್ಕೆ ಕಳುಹಿಸಲ್ಪಟ್ಟರು. ಹೆಂಚಿನ ಕಾರ್ಖಾನೆಗಳು ಕೈತಪ್ಪಿದವು. ಸಭೆಗಳ ಭಾರ ಥಟ್ಟನೆ ಕನ್ನಡಿಗ ಪಾಲಕರ ಹೆಗಲಿಗೆ ಬಿತ್ತು. ಅಲ್ಲಿ 1918ರಲ್ಲಿ ಅಯೋವಾ ಪ್ರಾಂತದ ರಾಜ್ಯಪಾಲನು ಸಾರ್ವಜನಿಕ ಸ್ಥಳಗಳಲ್ಲಿ, ಆರಾಧನೆಯಲ್ಲಿ, ಟೆಲಿಫೋನಿನಲ್ಲಿಯೂ ಇಂಗ್ಲಿಷಲ್ಲದ ಭಾಷೆಯನ್ನು ನಿಷೇಧಿಸಿದನು. ಅಜ್ಜಿಯ ಭಾಷೆಯ ಪ್ರಾರ್ಥನೆ ಅಪರಾಧವಾಯಿತು! ರಿಚರ್ಡರ ಅಣ್ಣ ರೈನ್‌ಹೋಲ್ಡ್ ನೀಬೂರ್ ಆಗ ಡೆಟ್ರಾಯಿಟ್ಟಿನ ಬೆಥೆಲ್ ಸಭೆಯ ಪಾಲಕರು (1915–1928). ಅವರು ಸಭೆಯನ್ನು ಇಂಗ್ಲಿಷಿನ ಕಡೆಗೆ ನಡೆಸುವ ಪಕ್ಷದಲ್ಲಿದ್ದರು. ಅದು ವಿವೇಕವೆಂದು ನನಗೂ ತೋರುತ್ತದೆ. ಆದರೆ ಆ ಬದಲಾವಣೆಯ ದಿನ ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಮುದುಕರ ಮುಖವನ್ನು ಯಾವ ಪುಸ್ತಕವೂ ನನಗೆ ತೋರಿಸಿಲ್ಲ.

ಆ ಸಿನೋಡು 1934ರಲ್ಲಿಯೂ ಮತ್ತೆ 1957ರಲ್ಲಿಯೂ ಇತರ ಸಭೆಗಳೊಡನೆ ಕೂಡಿಕೊಂಡು ಇಂದಿನ ಯುನೈಟೆಡ್ ಚರ್ಚ್ ಆಫ್ ಕ್ರೈಸ್ಟ್‌ನ ಭಾಗವಾಯಿತು. ನಮ್ಮ ದಕ್ಷಿಣ ಕನ್ನಡದ ಬಾಸೆಲ್ ಸಭೆಗಳು 1947ರಲ್ಲಿ ದಕ್ಷಿಣ ಭಾರತ ಸಭೆಗೆ ಸೇರಿದವು, ಧಾರವಾಡದ ಕಡೆಯವು ಅನಂತರ. 1939ರಲ್ಲಿಯೇ ಕಾರ್ಲ್ ಷ್ನೈಡರ್ ಎಂಬ ವಿದ್ವಾಂಸರು ಅಮೆರಿಕದ ಗಡಿನಾಡಿನ ಜರ್ಮನ್ ಸಭೆಯ ಚರಿತ್ರೆಯನ್ನು ದೊಡ್ಡ ಗ್ರಂಥವಾಗಿ ಬರೆದಿಟ್ಟರು. ನಮ್ಮ ಕಡೆಯ ಒಂದು ಹಳೆಯ ಗುಡಿಯಲ್ಲಿ ಸಭಾ ದಾಖಲೆಯ ಪುಸ್ತಕವನ್ನು ನೋಡಲು ಕೇಳಿದಾಗ ನನ್ನ ಕೈಗೆ ಬಂದದ್ದು ಗೆದ್ದಲು ತಿಂದು ಉಳಿದ ಹಾಳೆಗಳ ಕಟ್ಟು. ಹೊಸ ಹೆಸರುಗಳು ಚೆನ್ನಾಗಿ ಓದಲು ಬರುತ್ತಿದ್ದವು. ಬಿಟ್ಟುಬಂದ ಊರಿನ ಹೆಸರಿದ್ದ ಅಂಚು ಹೋಗಿತ್ತು.

ಇನ್ನೊಂದು ಸಂಗತಿ. ಅಮೆರಿಕದ ಆ ಜರ್ಮನ್ ವಲಸಿಗರು ತಾವೇ ಕಾಸು ಕೂಡಿಸಿ ಭಾರತಕ್ಕೊಂದು ಮಿಷನ್ನನ್ನು ಕಳುಹಿಸಿದ್ದರು. ಆಸ್ಕರ್ ಲೋರ್ ಎಂಬವರು 1868ರಲ್ಲಿ ಈಗಿನ ಛತ್ತೀಸಗಢದ ಬಿಸ್ರಾಂಪುರದಲ್ಲಿ ನೆಲೆ ಹಾಕಿದರು. ಸತ್‌ನಾಮಿಗಳ ನಡುವೆ ಕೆಲಸ ಮಾಡಿದ ಆ ಮಿಷನ್ನನ್ನು 1884ರಲ್ಲಿ ಇವ್ಯಾಂಜೆಲಿಕಲ್ ಸಿನೋಡು ತನ್ನದಾಗಿ ವಹಿಸಿಕೊಂಡಿತು.