ಮುಯ್ಯಾಳು

ಮುಯ್ಯಿ, ಆಳು ಸೇರಿ ಮುಯ್ಯಾಳು. ಪಡೆದದ್ದಕ್ಕೆ ಪ್ರತಿಯಾಗಿ ಕೊಡುವುದು ಮುಯ್ಯಿ. ಮದುವೆಯ ಉಡುಗೊರೆಗೂ ಅದೇ ಹೆಸರು. ‘ಮುಯ್ಯಿಗೆ ಮುಯ್ಯಿ’ ಎಂದರೆ ಸೇಡು. ಮುಯ್ಯಾಳು ಎಂದರೆ ದುಡಿಮೆಗೆ ದುಡಿಮೆಯದೇ ಮುಯ್ಯಿ. ಕೃಷ್ಣರಾಜಪೇಟೆ ಕಡೆಯ ಹೇಮಾವತಿ ಬಯಲಲ್ಲಿ ನಾಟಿ ಬಂತೆಂದರೆ ಇವತ್ತು ನಮ್ಮ ಗದ್ದೆ, ನಾಳೆ ನಿಮ್ಮದು. ಕೂಲಿಯ ಮಾತಿಲ್ಲ, ಕೆಸರು ಕೈ ತೊಳೆದು ಬದುವಿನ ಮೇಲೆ ಕೂತರೆ ಬಿಸಿ ಮುದ್ದೆ, ಸೊಪ್ಪಿನ ಸಾರು.

ಹಬ್ಬದ ಚಪ್ಪರಕ್ಕೆ ತೆಂಗಿನ ಗರಿ ಹೊರುವ, ಜಾತ್ರೆಯ ಪಂಕ್ತಿಯಲ್ಲಿ ಬೆವರು ಒರೆಸಿಕೊಳ್ಳುತ್ತ ಬಡಿಸುವ ಹುಡುಗ ಹುಡುಗಿಯರನ್ನು ಈಗ ‘ಸ್ವಯಂಸೇವಕರು’ ಎನ್ನುತ್ತೇವೆ. ನನಗೆ ಮುಯ್ಯಾಳೇ ಹತ್ತಿರ. ಸ್ವಯಂಸೇವೆ ಎಂಬಲ್ಲಿ ಮಾಡಿದವರಷ್ಟೇ ಕಾಣುತ್ತಾರೆ. ಮುಯ್ಯಿಯಲ್ಲಿ ಮಾಡಿಸಿಕೊಂಡವರ ಋಣವೂ ಇದೆ. ವೇದಿಕೆಗೆ ಕರೆದು ಶಾಲು ಹೊದಿಸುವುದು ಮುಯ್ಯಿಯ ಮೊದಲ ಕಂತು. ಬಡಿಸಿದ ಹುಡುಗಿಯ ಮನೆಯ ನಾಟಿಗೆ ಊರೇ ಗದ್ದೆಗಿಳಿದ ದಿನ ಆ ಋಣ ತೀರುತ್ತದೆ.