ಪುನರುತ್ಥಾನದ ನಂಬಿಕೆಯೂ ನಿತ್ಯಜೀವನವೂ

ಮರಣಾನಂತರ ಮನುಷ್ಯನ ಗತಿಯೇನೆಂಬ ಪ್ರಶ್ನೆಗೆ ಉತ್ತರವನ್ನು ಹೇಳದ ಮತವಿಲ್ಲ. ಆದರೆ ಒಬ್ಬ ಪುರುಷನು ಗೊತ್ತಾದ ಒಂದು ಕಾಲದಲ್ಲಿ, ಗೊತ್ತಾದ ಒಂದು ನಗರದಲ್ಲಿ, ಗೊತ್ತಾದ ಒಬ್ಬ ಅಧಿಕಾರಿಯ ಆಜ್ಞೆಯಿಂದ ಮರಣ ಹೊಂದಿ ಮೂರನೆಯ ದಿನ ಎದ್ದು ಬಂದನೆಂಬ ಒಂದೇ ಮಾತಿನ ಮೇಲೆ ತನ್ನ ಸಮಸ್ತ ಕಟ್ಟಡವನ್ನೂ ನಿಲ್ಲಿಸಿರುವುದು ಕ್ರೈಸ್ತಮತದ ವೈಶಿಷ್ಟ್ಯ. ಟೈಬೀರಿಯಸ್ ಚಕ್ರವರ್ತಿಯ ಕಾಲದಲ್ಲಿ, ಪೊಂತ್ಯ ಪಿಲಾತನು ಯೂದಾಯದಲ್ಲಿ ಅಧಿಕಾರದಲ್ಲಿದ್ದಾಗ, ಕ್ರಿಸ್ತನಿಗೆ ಮರಣದಂಡನೆಯಾಯಿತೆಂಬುದನ್ನು ರೋಮನ್ ಚರಿತ್ರೆಕಾರನಾದ ಟ್ಯಾಸಿಟಸನೂ ಬರೆದಿದ್ದಾನೆ. ಆಮೇಲಿನ ಮಾತು ಶ್ರದ್ಧೆಗೆ ಸೇರಿದುದು; ಚರಿತ್ರೆಯ ಅಳತೆಗೋಲು ಅಲ್ಲಿಗೆ ಮುಟ್ಟದು. ಆದರೆ ಆ ಶ್ರದ್ಧೆಯು ಜನರ ನಡೆನುಡಿಗಳಲ್ಲಿ ಏನು ಮಾಡಿತೆಂಬುದು ಚರಿತ್ರೆಯ ವಿಷಯವೇ ಸರಿ. ಪರಲೋಕದ ಆಸೆಯು ಇಹಲೋಕದ ಕರ್ತವ್ಯವನ್ನು ಮರೆಸುವುದೆಂಬ ಆಕ್ಷೇಪವನ್ನು ನಾವೆಲ್ಲರೂ ಕೇಳಿರುವೆವು. ಕ್ರೈಸ್ತಮತದ ಮೊದಲ ಮೂರು ನಾಲ್ಕು ಶತಮಾನಗಳನ್ನು ಮುಂದಿಟ್ಟುಕೊಂಡು ಈ ಆಕ್ಷೇಪವನ್ನು ಪರೀಕ್ಷಿಸೋಣ.

ಮೊದಲು ಪದದ ಅರ್ಥವನ್ನು ತಿಳಿದುಕೊಳ್ಳಬೇಕು. ಪುನರುತ್ಥಾನವೆಂದರೆ ನಮ್ಮಲ್ಲಿ ರೂಢಿಯಾಗಿರುವ ಪುನರ್ಜನ್ಮವಲ್ಲ. ಪುನರ್ಜನ್ಮದಲ್ಲಿ ಜೀವನು ಹಳೆಯ ವಸ್ತ್ರವನ್ನು ಕಳಚಿದಂತೆ ದೇಹವನ್ನು ಬಿಟ್ಟು ಬೇರೊಂದನ್ನು ತೊಡುವನು. ಗ್ರೀಕರ ಪ್ಲೇಟೋ ಹೇಳಿದ ಆತ್ಮದ ಅಮರತ್ವವೂ ಇದಲ್ಲ. ಆ ಪಂಥದವರಿಗೆ ದೇಹವು ಆತ್ಮದ ಸೆರೆಮನೆ, ಅದರಿಂದ ಬಿಡುಗಡೆಯೇ ಸುಖ. ಯೆಹೂದ್ಯರಲ್ಲಿ ಫರಿಸಾಯರು ಎತ್ತಿ ಹಿಡಿದ, ಸದ್ದುಕಾಯರು ಅಲ್ಲಗಳೆದ ಪುನರುತ್ಥಾನದ ಮಾತಾದರೋ ಬೇರೆ. ಸತ್ತ ಮನುಷ್ಯನೇ ದೇಹಸಹಿತನಾಗಿ, ರೂಪಾಂತರ ಹೊಂದಿದವನಾಗಿ, ದೇವರಿಂದ ಎಬ್ಬಿಸಲ್ಪಡುವನೆಂಬುದು ಇದರ ತಾತ್ಪರ್ಯ. ಈ ಎಣಿಕೆಯಲ್ಲಿ ದೇಹವು ಕಳಚಿ ಎಸೆಯತಕ್ಕ ವಸ್ತುವಲ್ಲ. ಮುಂದೆ ನಾವು ಹೇಳಬೇಕಾದುದೆಲ್ಲವೂ ಈ ಒಂದು ಅಂಶದಿಂದಲೇ ಹೊರಡುವುದು.

ಈ ವಿಷಯದಲ್ಲಿ ನಮಗೆ ದೊರೆತಿರುವ ಬಹು ಹಳೆಯ ಚರ್ಚೆ ಸಂತ ಪೌಲನು ಸುಮಾರು 54ರಲ್ಲಿ ಕೊರಿಂಥದ ಕ್ರೈಸ್ತರಿಗೆ ಬರೆದ ಪತ್ರದಲ್ಲಿರುವುದು. ಕ್ರಿ. ಪೂ. 146ರಲ್ಲಿ ರೋಮನ್ನರಿಂದ ಹಾಳಾಗಿ, 44ರಲ್ಲಿ ಜೂಲಿಯಸ್ ಸೀಸರನಿಂದ ಮತ್ತೆ ನೆಲೆಗೊಂಡ ಆ ಪಟ್ಟಣವು ಎರಡು ಬಂದರುಗಳ ನಡುವೆ ವ್ಯಾಪಾರದಿಂದ ಕೊಬ್ಬಿದ್ದಿತು. ಅಲ್ಲಿನ ಸಭೆಯಲ್ಲಿ ಕೆಲವರು ಸತ್ತವರು ಏಳುವುದುಂಟೇ ಎಂದು ಕೇಳತೊಡಗಿದರು. ಪೌಲನು ಸುತ್ತಿ ಬಳಸಿ ಉತ್ತರ ಕೊಡಲಿಲ್ಲ. ಕ್ರಿಸ್ತನು ಎದ್ದುದು ಸುಳ್ಳಾದರೆ ನಮ್ಮ ಬೋಧೆಯೂ ನಿಮ್ಮ ನಂಬಿಕೆಯೂ ವ್ಯರ್ಥವೆಂದೂ, ನಮ್ಮಷ್ಟು ಮರುಕಕ್ಕೆ ಪಾತ್ರರಾದವರು ಬೇರೆ ಇಲ್ಲವೆಂದೂ ನೇರವಾಗಿ ಒಪ್ಪಿಕೊಂಡನು. ಕ್ರಿಸ್ತನನ್ನು ಕಂಡವರೆಂದು ಪೇತ್ರನನ್ನೂ, ಯಾಕೋಬನನ್ನೂ, ಐನೂರಕ್ಕೆ ಮೇಲ್ಪಟ್ಟ ಸಹೋದರರನ್ನೂ ಹೆಸರಿಸಿ, ಅವರಲ್ಲಿ ಬಹುಮಂದಿ ಇನ್ನೂ ಬದುಕಿರುವರೆಂದು ಸೇರಿಸಿದನು. ತನ್ನ ಮತದ ಸರ್ವಸ್ವವನ್ನೂ ಹೀಗೆ ಒಂದೇ ಪಣಕ್ಕೆ ಒಡ್ಡಿದ ಬೋಧಕರು ವಿರಳ.

ಆ ದೀರ್ಘವಾದ ವಾದದ ಕೊನೆಯಲ್ಲಿ ಪೌಲನು ಏನು ಹೇಳುತ್ತಾನೆಂಬುದನ್ನು ಓದುಗರು ಸಾಮಾನ್ಯವಾಗಿ ಗಮನಿಸುವುದಿಲ್ಲ. ಆಕಾಶವನ್ನು ನೋಡುತ್ತ ಕುಳಿತಿರೆಂದು ಆತನು ಹೇಳಲಿಲ್ಲ. ನಿಮ್ಮ ದುಡಿಮೆಯು ವ್ಯರ್ಥವಾಗದು, ಆದಕಾರಣ ಸ್ಥಿರವಾಗಿ ಕೆಲಸ ಮಾಡಿರೆಂದನು. ಅದರ ಮುಂದಿನ ವಾಕ್ಯವೇ ಜೆರೂಸಲೇಮಿನವರ ಸಹಾಯಕ್ಕಾಗಿ ಹಣ ಕೂಡಿಸುವ ವಿಚಾರ! ವಾರದ ಮೊದಲನೆಯ ದಿನ ಒಬ್ಬೊಬ್ಬನೂ ತನ್ನ ಸಂಪಾದನೆಗೆ ತಕ್ಕಷ್ಟನ್ನು ತೆಗೆದಿಡಬೇಕೆಂದು ಆತನ ಏರ್ಪಾಡು. ಪುನರುತ್ಥಾನದ ಮಹಾತತ್ತ್ವಕ್ಕೂ ದುಡ್ಡಿನ ಪೆಟ್ಟಿಗೆಗೂ ನಡುವೆ ಆತನಿಗೆ ಯಾವ ಕಂದರವೂ ಕಾಣಲಿಲ್ಲ. ಸುಮಾರು ನೂರು ವರ್ಷಗಳ ತರುವಾಯ ರೋಮಿನಲ್ಲಿ ಜಸ್ಟಿನನೆಂಬ ಪಂಡಿತನು ತನ್ನವರ ಪದ್ಧತಿಯನ್ನು ಚಕ್ರವರ್ತಿಗೆ ವಿವರಿಸುತ್ತ ಬರೆದುದೂ ಇದನ್ನೇ: ಕ್ರಿಸ್ತನು ಎದ್ದ ದಿನವೆಂದು ಭಾನುವಾರ ನೆರೆಯುವೆವು, ಉಳ್ಳವರು ಕೊಟ್ಟುದು ಅನಾಥರಿಗೆ, ವಿಧವೆಯರಿಗೆ, ರೋಗಿಗಳಿಗೆ, ಸೆರೆಯಲ್ಲಿರುವವರಿಗೆ, ಪರಸ್ಥಳದವರಿಗೆ ಸಲ್ಲುವುದು ಎಂದು.

ಇನ್ನು ಶವಸಂಸ್ಕಾರದ ವಿಚಾರ. ರೋಮಿನಲ್ಲಿ ಬಡವನಿಗೆ ಬದುಕಿನಂತೆ ಸಾವೂ ದುಬಾರಿಯಾಗಿದ್ದಿತು. ಸಾಮಾನ್ಯರು ಸಂಘಗಳನ್ನು ಕಟ್ಟಿಕೊಂಡು, ವಂತಿಗೆ ತೆತ್ತು, ತಮ್ಮ ಉತ್ತರಕ್ರಿಯೆಗೆ ಏರ್ಪಾಡು ಮಾಡಿಕೊಳ್ಳುತ್ತಿದ್ದರು. ಲನೂವಿಯಮ್ ಎಂಬ ಊರಿನಲ್ಲಿ ದೊರೆತ 136ರ ಶಾಸನವೊಂದರಲ್ಲಿ ಇಂಥ ಸಂಘದ ನಿಯಮಗಳಿವೆ. ಪ್ರವೇಶಕ್ಕೆ 100 ಸೆಸ್ಟರ್ಸ್ ನಾಣ್ಯಗಳು ಮತ್ತು ಒಂದು ಕೊಡ ಒಳ್ಳೆಯ ದ್ರಾಕ್ಷಾರಸ. ಆಮೇಲೆ ತಿಂಗಳು ತಿಂಗಳಿಗೆ ಹಣ. ಬಾಕಿ ನಿಲ್ಲಿಸಿಕೊಂಡವನಿಗೆ ಹಕ್ಕಿಲ್ಲ. ಸುಮಾರು 197ರಲ್ಲಿ ಕಾರ್ಥೇಜಿನ ಟರ್ಟಲಿಯನನು ಕ್ರೈಸ್ತರ ನಿಧಿಯನ್ನು ವರ್ಣಿಸುವಾಗ ಭೇದವು ತಾನೇ ಎದ್ದು ತೋರುವುದು. ಅಲ್ಲಿಯೂ ತಿಂಗಳಿಗೊಮ್ಮೆ ಹಣ ಕೂಡುವುದು. ಆದರೆ ಕೊಡುವುದು ಅವರವರ ಇಚ್ಛೆ, ಮತ್ತು ಅದರಿಂದ ಕೊಡಲಾರದ ಬಡವನನ್ನು ಮಣ್ಣುಮಾಡುವರು.

ರೋಮ್ ನಗರದ ಹೊರಗೆ ಮೆದುಕಲ್ಲಿನ ನೆಲದಲ್ಲಿ ಕೊರೆದ ಸುರಂಗಶ್ಮಶಾನಗಳು ಇದಕ್ಕೆ ಸಾಕ್ಷಿಯಾಗಿವೆ. ಇವು ಹಿಂಸೆಗೆ ಅಂಜಿದವರು ಅಡಗಿ ಬಾಳಿದ ಗುಹೆಗಳೆಂದು ಕಥೆಗಳಲ್ಲಿ ಬರುವುದಾದರೂ ಸಂಶೋಧಕರು ಅದನ್ನು ಒಪ್ಪುವುದಿಲ್ಲ. ಇವು ಹೂಳುವ ಸ್ಥಳಗಳೇ, ಯೆಹೂದ್ಯರಿಗೂ ಇಂಥವು ಇದ್ದುವು. ಅಪ್ಪಿಯನ್ ಹೆದ್ದಾರಿಯ ಬಳಿಯ ಒಂದು ಸುರಂಗಶ್ಮಶಾನವನ್ನು ಮೂರನೆಯ ಶತಮಾನದ ಆದಿಯಲ್ಲಿ ನೋಡಿಕೊಂಡವನು ಕಲಿಸ್ಟಸನು. ಅವನು ಒಮ್ಮೆ ದಾಸನಾಗಿದ್ದನೆಂದು ಅವನ ವಿರೋಧಿಯೇ ಬರೆದಿಟ್ಟಿದ್ದಾನೆ. ಮುಂದೆ ಅವನೇ ರೋಮಿನ ಬಿಷಪ್ಪನಾದನು. ಇಂಥ ಸ್ಥಳಕ್ಕೆ ಕ್ರೈಸ್ತರು ಗ್ರೀಕಿನಲ್ಲಿ ಮಲಗುವ ಮನೆಯೆಂಬ ಅರ್ಥದ ಹೆಸರನ್ನಿಟ್ಟರು. ಇಂದಿನ ಸೆಮೆಟರಿ ಎಂಬ ಮಾತು ಅದರಿಂದಲೇ ಬಂದುದು. ಮಲಗಿದವನು ಏಳುವನು, ಆ ಒಂದು ಹೆಸರಿನಲ್ಲಿ ಸಿದ್ಧಾಂತವೆಲ್ಲ ಅಡಗಿದೆ. ಗೋಡೆಗಳ ಮೇಲೆ ಶಿಲುಬೆಯ ಸಂಕಟಕ್ಕಿಂತ ಮೀನಿನ ಹೊಟ್ಟೆಯಿಂದ ಹೊರಬಂದ ಯೋನನೂ, ಸಮಾಧಿಯಿಂದ ಎದ್ದ ಲಾಜರನೂ ಹೆಚ್ಚಾಗಿ ಚಿತ್ರಿತರಾಗಿರುವುದು ಸ್ವಾಭಾವಿಕವೇ ಆಗಿದೆ.

ಈ ನಂಬಿಕೆಯ ಬಲವನ್ನು ಶತ್ರುಗಳೂ ಬಲ್ಲವರಾಗಿದ್ದರು. 177ರಲ್ಲಿ ಗಾಲ್ ದೇಶದ ಲಿಯಾನ್ ನಗರದಲ್ಲಿ ಕ್ರೈಸ್ತರನ್ನು ಕೊಂದ ಮೇಲೆ ಅವರ ಶವಗಳನ್ನು ಆರು ದಿನ ಬಯಲಿನಲ್ಲಿಟ್ಟು, ಅನಂತರ ಸುಟ್ಟು, ಬೂದಿಯನ್ನು ರೋನ್ ನದಿಗೆ ಗುಡಿಸಿಬಿಟ್ಟರೆಂದು ಯುಸೀಬಿಯಸನು ಉಳಿಸಿರುವ ಪತ್ರವು ಹೇಳುವುದು. ಇವರಿಗೆ ಏಳುವ ಆಸೆಯೇ ಉಳಿಯಬಾರದೆಂಬುದು ಕೊಂದವರ ಎಣಿಕೆ. ಆದರೆ ಕ್ರೈಸ್ತರು ಇದಕ್ಕೆ ಬೆದರಲಿಲ್ಲ. ಹೂಳುವುದು ಹಳೆಯ ಒಳ್ಳೆಯ ವಾಡಿಕೆಯೆಂದು ನಾವು ಅನುಸರಿಸುವೆವೇ ಹೊರತು ಬೆಂಕಿಯಿಂದ ನಮಗೆ ನಷ್ಟವಾದೀತೆಂದಲ್ಲವೆಂಬ ಅಭಿಪ್ರಾಯವನ್ನು ಮಿನೂಷಿಯಸ್ ಫೆಲಿಕ್ಸನು ತನ್ನ ಸಂವಾದಗ್ರಂಥದಲ್ಲಿ ವ್ಯಕ್ತಪಡಿಸಿದ್ದಾನೆ.

ಮೂರನೆಯ ಶತಮಾನದ ನಡುವೆ ಚಕ್ರಾಧಿಪತ್ಯವನ್ನೆಲ್ಲ ಮಹಾಮಾರಿಯೊಂದು ವ್ಯಾಪಿಸಿತು. ಅಲೆಗ್ಸಾಂಡ್ರಿಯದ ಬಿಷಪ್ ಡಯೊನೀಷಿಯಸನು ತನ್ನವರು ರೋಗಿಗಳ ಶುಶ್ರೂಷೆ ಮಾಡುತ್ತ ತಾವೂ ಸತ್ತರೆಂದೂ, ಸತ್ತವರ ಕಣ್ಣು ಬಾಯಿ ಮುಚ್ಚಿ, ಮೈ ತೊಳೆದು, ಹೂಳಿದರೆಂದೂ, ಇತರರು ನಂಟರನ್ನೂ ಬೀದಿಗೆಸೆದು ಓಡಿದರೆಂದೂ ಬರೆದನು. ಕಾರ್ಥೇಜಿನಲ್ಲಿ ಸಿಪ್ರಿಯನನು ಮತಭೇದವೆಣಿಸದೆ ಎಲ್ಲರಿಗೂ ನೆರವಾಗಿರೆಂದು ತನ್ನವರನ್ನು ಹುರಿದುಂಬಿಸಿದನೆಂದು ಅವನ ಚರಿತ್ರೆ ತಿಳಿಸುವುದು. ಇವು ಸ್ವಪಕ್ಷದವರ ಮಾತುಗಳು. ಒಂದಿಷ್ಟು ಕಳೆದೇ ಓದಬೇಕು. ಆದರೆ ಕ್ರೈಸ್ತಮತವನ್ನು ತ್ಯಜಿಸಿ ಹಳೆಯ ದೇವತೆಗಳ ಪೂಜೆಯನ್ನು ಉದ್ಧರಿಸಲು ಹೊರಟ ಜೂಲಿಯನ್ ಚಕ್ರವರ್ತಿಯ ಹೆಸರಿನಲ್ಲಿ 362ರ ಸುಮಾರಿನ ಪತ್ರವೊಂದಿದೆ. ಅಪರಿಚಿತರಲ್ಲಿ ದಯೆ, ಸತ್ತವರ ಸಮಾಧಿಗಳ ವಿಷಯದಲ್ಲಿ ಆಸ್ಥೆ, ಇವುಗಳಿಂದಲೇ ಆ ಮತವು ಬೆಳೆಯಿತೆಂದು ಅದರಲ್ಲಿದೆ. ಪತ್ರವು ಅವನದೇ ಹೌದೇ ಎಂದು ಕೆಲವು ವಿದ್ವಾಂಸರು ಶಂಕಿಸಿರುವುದುಂಟು. ಅವನದೇ ಆಗಿದ್ದರೆ ಇದಕ್ಕಿಂತ ದೊಡ್ಡ ಪ್ರಶಂಸೆಯನ್ನು ಪ್ರತಿಪಕ್ಷದಿಂದ ನಿರೀಕ್ಷಿಸಲಾಗದು.

ಹೀಗೆಂದು ಎಲ್ಲವನ್ನೂ ಬೆಳಕಿನಲ್ಲಿಯೇ ತೋರಿಸಿದರೆ ಚರಿತ್ರೆಗೆ ಅನ್ಯಾಯವಾದೀತು. ದಾಸನ ದೇಹವೂ ಏಳುವುದೆಂದು ನಂಬಿದವರೇ ಆ ದೇಹವನ್ನು ಕೊಂಡು ಮಾರುವುದನ್ನು ಶತಮಾನಗಳವರೆಗೆ ಸಹಿಸಿದರು; ನಾಲ್ಕನೆಯ ಶತಮಾನದಲ್ಲಿ ನಿಸ್ಸದ ಗ್ರೆಗರಿಯು ಅದನ್ನು ಖಂಡಿಸಿದುದು ಒಂಟಿ ಧ್ವನಿಯಂತೆ ಕೇಳಿಸುವುದು. ಬೂದಿಗೆ ಅಂಜೆವೆಂದವರ ಉತ್ತರಾಧಿಕಾರಿಗಳು ಬಲ ಬಂದ ಮೇಲೆ ಬೂದಿಯನ್ನೇ ಅಪರಾಧವಾಗಿಸಿದರು. ಎಂಟನೆಯ ಶತಮಾನದ ಕೊನೆಯಲ್ಲಿ ಷಾರ್ಲಮೇನ್ ದೊರೆಯು ತನ್ನವರು ಗೆದ್ದ ಸ್ಯಾಕ್ಸನರಲ್ಲಿ ಹಳೆಯ ಪದ್ಧತಿಯಂತೆ ಹೆಣ ಸುಟ್ಟವರಿಗೆ ಮರಣದಂಡನೆಯನ್ನು ವಿಧಿಸಿದನು. ರೋಮಿನ ಚರ್ಚು 1886ರಲ್ಲಿ ದಹನವನ್ನು ನಿಷೇಧಿಸಿ, 1963ರಲ್ಲಿ ಆ ನಿಷೇಧವನ್ನು ಸಡಿಲಿಸಿತು. ಚಿತೆಯನ್ನು ಪವಿತ್ರವೆಂದೆಣಿಸುವ ಜನರ ನಡುವೆ ಬಾಳುವ ನಮಗೆ ಈ ವೃತ್ತಾಂತವು ವಿಚಾರಯೋಗ್ಯವಾಗಿದೆ. ಶ್ರದ್ಧೆಯು ನೊಂದವನ ಕೈಯಲ್ಲಿ ಧೈರ್ಯವಾಗುವುದು. ಆಳುವವನ ಕೈಯಲ್ಲಿ ಅದೇ ದಂಡವಾಗಬಹುದು.

321ರಲ್ಲಿ ಕಾನ್‌ಸ್ಟಂಟೈನನು ನ್ಯಾಯಾಧಿಪತಿಗಳಿಗೂ ಪಟ್ಟಣಿಗರಿಗೂ ಭಾನುವಾರ ವಿಶ್ರಾಂತಿಯನ್ನು ವಿಧಿಸಿ, ರೈತರಿಗೆ ಮಾತ್ರ ಕೆಲಸಕ್ಕೆ ಅನುಮತಿಯನ್ನು ಕೊಟ್ಟನು. ಆ ವಾಡಿಕೆಯು ಐರೋಪ್ಯರೊಡನೆ ಹಡಗನ್ನೇರಿ ನಮ್ಮ ಕಚೇರಿ, ಪಾಠಶಾಲೆಗಳಿಗೂ ಬಂದಿತು. ಭಾನುವಾರದ ಬಿಡುವನ್ನು ಅನುಭವಿಸುವವರಲ್ಲಿ ಅದರ ಮೂಲವನ್ನು ನೆನೆಯುವವರು ಕೆಲವರೇ ಇರಬಹುದು.

ಮೊದಲ ಆಕ್ಷೇಪಕ್ಕೆ ಈಗ ಉತ್ತರ ಹೇಳಬಹುದು. ಪರಲೋಕದ ಆಸೆ ಎಂಬುದು ಎಲ್ಲ ಕಡೆಯೂ ಒಂದೇ ವಸ್ತುವಲ್ಲ. ದೇಹವನ್ನು ಹೊರೆಯೆಂದು ಕಳಚುವ ಆಸೆಯು ಜಗತ್ತಿಗೆ ಬೆನ್ನು ತಿರುಗಿಸಬಹುದು. ಈ ದೇಹವೇ, ಈ ಹಸಿದ, ರೋಗಗ್ರಸ್ತವಾದ, ಬೆಲೆಯಿಲ್ಲವೆಂದು ಲೋಕವು ಬಿಸುಟ ದೇಹವೇ ದೇವರಿಗೆ ಬೇಕಾಗಿದೆಯೆಂಬ ಆಸೆಯಾದರೋ ಮನುಷ್ಯನನ್ನು ರೋಗಿಯ ಹಾಸಿಗೆಯ ಬಳಿಗೂ ಅನಾಥಶವದ ಬಳಿಗೂ ಕರೆದೊಯ್ಯುವುದು. ಹಾಗೆ ಕರೆದೊಯ್ದಾಗಲೆಲ್ಲ ಆ ನಂಬಿಕೆಯು ಬೆಳೆಯಿತು. ಅದನ್ನು ಮರೆತಾಗಲೆಲ್ಲ ಬರಿಯ ಪದವಾಗಿ ನಿಂತಿತು. ಕ್ರೈಸ್ತನು ತನ್ನ ಶ್ರದ್ಧೆಯನ್ನು ಪರೀಕ್ಷಿಸಿಕೊಳ್ಳಲು ಇಂದಿಗೂ ಇದಕ್ಕಿಂತ ನಿಷ್ಠುರವಾದ ಒರೆಗಲ್ಲು ಬೇರೊಂದಿಲ್ಲ.