ಒಂದು ಧೈರ್ಯ

‘ಮನೇಲಿ ಒಬ್ರು ಅಂತ ಇದ್ರೆ ಒಂದು ಧೈರ್ಯ.’ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಈ ಮಾತು ಕಿವಿಗೆ ಬೀಳದೆ ಮಳೆಗಾಲ ಮುಗಿಯುವುದಿಲ್ಲ. ಒಂಟಿ ಮನೆಗಳ ಸೀಮೆ. ಪಕ್ಕದ ಮನೆಗೆ ಹೋಗಲು ಒಂದು ಗುಡ್ಡ ಇಳಿದು, ಹಳ್ಳದ ಮೇಲೊಂದು ಸಂಕ ದಾಟಬೇಕು. ಕರೆಂಟು ಹೋದ ರಾತ್ರಿ ಜಗಲಿಯಲ್ಲಿ ಬಂದು ಮಲಗುವ ಎಂಬತ್ತರ ಮುದುಕನೂ ಇಲ್ಲಿ ‘ಒಂದು ಧೈರ್ಯ’. ಕಳ್ಳ ಬಂದರೆ ಹಿಡಿಯಲಾರ, ಕೆಮ್ಮಬಲ್ಲ. ಅಷ್ಟು ಸಾಕು.

ಸಂಸ್ಕೃತದಲ್ಲಿ ಧೈರ್ಯವೆಂದರೆ ಧೀರನ ಗುಣ, ಅಲುಗಾಡದ ನಿಲುವು. ಕನ್ನಡಕ್ಕೆ ಬಂದ ಮೇಲೆ ಅದಕ್ಕೆ ಕೈಕಾಲು ಮೂಡಿದವು. ಧೈರ್ಯವನ್ನು ಹೇಳುತ್ತೇವೆ, ಕೊಡುತ್ತೇವೆ, ತುಂಬುತ್ತೇವೆ, ತಂದುಕೊಳ್ಳುತ್ತೇವೆ. ಸಕ್ಕರೆಯ ಹಾಗೆ ಸಾಲದೆಯೂ ಬರುತ್ತದೆ. ‘ಯಾರ ಧೈರ್ಯದ ಮೇಲೆ ಸಾಲ ಮಾಡಿದೆ?’ ಎಂದು ಅಪ್ಪ ಗದರಿದರೆ, ಆ ಧೈರ್ಯ ಮಗನದಲ್ಲವೆಂಬುದು ಮೊದಲೇ ತೀರ್ಮಾನವಾಗಿರುತ್ತದೆ.

ಅಚ್ಚಕನ್ನಡದ ಕೆಚ್ಚು ಹಾಗಲ್ಲ. ಅದು ಮರದ ತಿರುಳು. ಹಲಸಿನ ದಿಮ್ಮಿ ಕೊಯ್ದರೆ ಒಳಗೆ ಹಳದಿ ಕೆಚ್ಚು, ಸುತ್ತ ಬಿಳಿ. ಗೆದ್ದಲು ಬಿಳಿಯನ್ನು ತಿನ್ನುತ್ತದೆ, ಕೆಚ್ಚಿನ ತಂಟೆಗೆ ಬರುವುದಿಲ್ಲ. ಕೆಚ್ಚು ಒಳಗೇ ಬಲಿಯಬೇಕು. ಯಾರೂ ಯಾರಿಗೂ ಕೆಚ್ಚು ಹೇಳಿಬರಲಾರರು.

ಮಲೆನಾಡಿನ ಕ್ರೈಸ್ತರ ಬಾಯಲ್ಲಿ ನಾನು ಕೆಚ್ಚನ್ನು ಕೇಳಿದ್ದು ಕಡಿಮೆ, ಧೈರ್ಯವನ್ನು ಕೇಳಿದ್ದೇ ಹೆಚ್ಚು. ಬೇರೆ ಮಾತುಗಳಲ್ಲಿ ಅವರವರಲ್ಲೇ ವ್ಯತ್ಯಾಸವಿದೆ: ಪ್ರಾಟೆಸ್ಟಂಟರು ನಂಬಿಕೆ, ನಿರೀಕ್ಷೆ ಎನ್ನುವಲ್ಲಿ ಕಥೋಲಿಕರು ವಿಶ್ವಾಸ, ಭರವಸೆ ಎನ್ನುತ್ತಾರೆ. ಕೇರಳದಿಂದ ಬಂದು ರಬ್ಬರು, ಶುಂಠಿ ಹಾಕಿದವರಿಗೆ 2007ರಲ್ಲಿ ಭದ್ರಾವತಿಯ ಸೀರೋ ಮಲಬಾರ್ ಧರ್ಮಪ್ರಾಂತ್ಯವೇ ಆಯಿತು. ಅವರ ಮಲಯಾಳದಲ್ಲಿ ಧೈರ್ಯವೆಂದರೆ ಧೈರ್ಯಂ. ತೀರ್ಥಹಳ್ಳಿ ಸೀಮೆಯ ಮಿಶನರಿ ಕಾಲವನ್ನು ತಂದ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಪಾದ್ರಿಯ ಬೈಸಿಕಲ್ಲು ಹಳ್ಳಿಗರ ಬಾಯಲ್ಲಿ ‘ಬೀಸೆಕಲ್ಲು’ ಆಗುತ್ತದೆ. ಧೈರ್ಯಕ್ಕೆ ಅಂಥ ರಿಪೇರಿಯೂ ಬೇಕಾಗಲಿಲ್ಲ.

ಬೈಬಲಿನಲ್ಲೂ ಧೈರ್ಯ ಹೇಳಿಸಿಕೊಳ್ಳುವ ವಸ್ತುವೇ. ಜನರ ನಾಯಕ ಮೋಶೆ ಸತ್ತಿದ್ದಾನೆ, ಯೊರ್ದನ್ ಹೊಳೆ ಮುಂದಿದೆ, ಯೆಹೋಶುವನ ತಲೆಯ ಮೇಲೆ ಇಡೀ ಜನ. ಅವನ ಹೆಸರಿನ ಪುಸ್ತಕದ ಮೊದಲ ಅಧ್ಯಾಯದಲ್ಲೇ ದೇವರು ಅವನಿಗೆ ಮೂರು ಸಲ ಧೈರ್ಯ ಹೇಳುತ್ತಾನೆ. ನಾಲ್ಕನೆಯ ಸಲ ಅದೇ ಮಾತನ್ನು ಹೇಳುವವರು ಅವನ ಹಿಂದೆ ಬರಬೇಕಾದ ಜನ. ರೋಮಿಗೆ ಹೊರಟ ಹಡಗು ಬಿರುಗಾಳಿಗೆ ಸಿಕ್ಕಾಗ ಧೈರ್ಯ ಹೇಳುವವನು ಕೈದಿಯಾಗಿದ್ದ ಪೌಲ. ಹಡಗಿನಲ್ಲಿ 276 ಜನ. ಹದಿನಾಲ್ಕು ದಿನದಿಂದ ಯಾರಿಗೂ ಸರಿಯಾಗಿ ಊಟವಿಲ್ಲ. ಅವನು ಎಲ್ಲರೆದುರು ರೊಟ್ಟಿ ಮುರಿದು ತಾನೇ ತಿನ್ನತೊಡಗುತ್ತಾನೆ. ಆಮೇಲೆ ಉಳಿದವರಿಗೂ ಧೈರ್ಯ ಬಂದು ಊಟ ಮಾಡುತ್ತಾರೆ. ಸಾವಿನ ಮನೆಗೆ ಅನ್ನ ಸಾರು ಹೊತ್ತು ಹೋಗಿ, ‘ನೀವು ಉಂಡ್ರೆ ಅವರೂ ಉಣ್ತಾರೆ’ ಎಂದು ಹಿರಿಯರನ್ನು ಮೊದಲು ಕೂರಿಸುವ ನಮ್ಮೂರ ಹೆಂಗಸರಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಿಲ್ಲ.

ಅಂಥ ಧೈರ್ಯ ನಮ್ಮ ಸೀಮೆಗೂ ಬೇಕಾಗಿ ಬಂತು. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಗುರುತಿಸಿದ ಮಂಗನ ಕಾಯಿಲೆ 2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಜೀವಗಳನ್ನು ತೆಗೆದುಕೊಂಡಿತು. ಆ ದಿನಗಳಲ್ಲಿ ಯಾವ ಮನೆಯಲ್ಲಿ ಜ್ವರ ಬಂದರೂ ಕಾಡಿಗೆ ಹೋಗಿದ್ದನೇ, ಉಣುಗು ಕಚ್ಚಿತ್ತೇ ಎಂಬುದೇ ಪ್ರಶ್ನೆ. ಹೊಸನಗರದ ಕಡೆ ನನಗೆ ಪರಿಚಯದ ಬಾಯಮ್ಮನ ಮಗನಿಗೂ ಜ್ವರ. ಘಟ್ಟದ ಕೆಳಗಿನಿಂದ ಬಂದ ಕೊಂಕಣಿ ಕುಟುಂಬ. ನಾನು ಹೋದಾಗ ಸಂಜೆಯ ತೇರ್ಸ್, ಅಂದರೆ ಜಪಮಾಲೆ ಪ್ರಾರ್ಥನೆ, ಆಗಷ್ಟೇ ಮುಗಿದು ಮೇಣದ ಬತ್ತಿ ಉರಿಯುತ್ತಿತ್ತು. ರಕ್ತದ ವರದಿ ಬಂದಿರಲಿಲ್ಲ.

‘ಹೆದರಿಕೆ ಇಲ್ವಾ ಬಾಯಮ್ಮ?’

‘ಇಲ್ದೇ ಏನು! ರಾತ್ರಿ ನಿದ್ದೆ ಇಲ್ಲ ನನಗೆ. ಏಸು ಸ್ವಾಮಿ ಇದಾರೆ ಅಂತ ಒಂದು ಧೈರ್ಯ. ನೀವು ಬಂದ್ರಲ್ಲ, ಇನ್ನೊಂದು ಧೈರ್ಯ.’

ಏಸುವನ್ನೂ ನನ್ನನ್ನೂ ಒಂದೇ ಬೆಂಚಿನ ಮೇಲೆ ಕೂರಿಸಿಬಿಟ್ಟರಲ್ಲ ಎಂದು ಮುಜುಗರವಾಯಿತು. ಆಮೇಲೆ ನೆನಪಾಯಿತು, ಏಸುವಿಗೇ ಇರುವ ಇಮ್ಮಾನುವೇಲ ಎಂಬ ಹೆಸರಿನ ಅರ್ಥ ‘ದೇವರು ನಮ್ಮ ಜೊತೆ’ ಎಂದಷ್ಟೇ. ಜ್ವರ ಬಿಡಿಸುತ್ತಾನೆ ಎಂದೇನೂ ಆ ಹೆಸರಿನಲ್ಲಿಲ್ಲ. ಬಾಯಮ್ಮನೂ ಹಾಗೆ ಹೇಳಿರಲಿಲ್ಲ. ಇದ್ದಾರೆ ಎಂದಿದ್ದರು.

ಹೊರಡುವಾಗ ಕತ್ತಲಾಗಿತ್ತು. ಬೇಡವೆಂದರೂ ಬ್ಯಾಟರಿ ಹಿಡಿದು ಅಂಗಳದ ಅಂಚಿನವರೆಗೆ ಬಂದರು. ‘ಸಂಕ ಜಾರುತ್ತೆ, ನಿಧಾನ. ನೀವು ದಾಟೋವರೆಗೆ ನಾನು ಇಲ್ಲೇ ಇರ್ತೀನಿ.’ ಆಚೆ ದಡ ಸೇರಿ ತಿರುಗಿ ನೋಡಿದೆ. ಬೆಳಕು ಇನ್ನೂ ಸಂಕದ ಮೇಲೇ ಇತ್ತು.